ಮ್ಯಾಕ್‌ಬೆತ್‌ನ ಅರಮನೆಯಲ್ಲಿ ಒಬ್ಬ ವೈದ್ಯ

(ಕೂಟದ ವಾರ್ಷಿಕೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಡಾಕ್ಟರನ್ನು ವೇದಿಕೆಗೆ ಕರೆದರೆ ಸಾಮಾನ್ಯವಾಗಿ ಸಕ್ಕರೆ ಕಾಯಿಲೆಯ ಬಗ್ಗೆಯೋ ಕೊಲೆಸ್ಟರಾಲ್ ಬಗ್ಗೆಯೋ ಮಾತನಾಡಿ ಎನ್ನುತ್ತಾರೆ. ಮಾತು ಮುಗಿದ ಮೇಲೆ ನಾಲ್ಕು ಜನ ಪಕ್ಕಕ್ಕೆ ಕರೆದು ತಮ್ಮ ರಿಪೋರ್ಟು ತೋರಿಸುತ್ತಾರೆ. ಈ ಸಲ ಕಾರ್ಯದರ್ಶಿಗಳು ಧೈರ್ಯ ಮಾಡಿ ಸಾಹಿತ್ಯಗೋಷ್ಠಿಗೇ ಹಾಕಿದ್ದಾರೆ. ನಾನು ಓದಿದ್ದು ಎಂ.ಬಿ.ಬಿ.ಎಸ್., ಆಮೇಲೆ ಇಲ್ಲಿಗೆ ಬಂದು ರೆಸಿಡೆನ್ಸಿ. ಸಾಹಿತ್ಯದಲ್ಲಿ ಯಾವ ಪದವಿಯೂ ಇಲ್ಲ. ಆದ್ದರಿಂದ ನನ್ನ ಕಸುಬಿನ ಬಾಗಿಲಿನಿಂದಲೇ ಒಳಗೆ ಬರುತ್ತೇನೆ. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದಲ್ಲಿ ಒಬ್ಬ ವೈದ್ಯ ಬರುತ್ತಾನೆ. ಅವನಿಗೆ ಹೆಸರು ಕೂಡ ಇಲ್ಲ. ಅವನ ಜೊತೆ ನಿಂತು ಆ ನಾಟಕವನ್ನು ನೋಡೋಣ ಎಂದು ನನ್ನ ಆಸೆ.

ನಮ್ಮ ಮಕ್ಕಳಲ್ಲಿ ಅನೇಕರು ಇದನ್ನು ಹೈಸ್ಕೂಲಿನಲ್ಲಿ ಓದುತ್ತಾರೆ. ನಮ್ಮ ಕನ್ನಡಕ್ಕೂ ಇದು ಹೊಸದಲ್ಲ. ಎಂ.ಎಲ್. ಶ್ರೀಕಂಠೇಶಗೌಡರು 19ನೆಯ ಶತಮಾನದ ಕೊನೆಯ ಭಾಗದಲ್ಲೇ ಇದನ್ನು 'ಪ್ರತಾಪರುದ್ರದೇವ' ಎಂದು ನಮ್ಮ ರಂಗಭೂಮಿಗೆ ಒಗ್ಗಿಸಿದರು. ಆಮೇಲೆ ಡಿ.ವಿ.ಜಿ.ಯವರು 'ಮ್ಯಾಕ್‌ಬೆತ್' ಹೆಸರಿನಲ್ಲೇ ಅನುವಾದ ಮಾಡಿದರು. ಮನೆಯಲ್ಲಿ ಮಗ ಇಂಗ್ಲಿಷಿನಲ್ಲಿ ಓದುವಾಗ ನೀವು ಕನ್ನಡದ್ದನ್ನು ಹಿಡಿದು ಪಕ್ಕದಲ್ಲಿ ಕುಳಿತರೆ ಜಗಳವಾಡಲು ಒಂದು ಒಳ್ಳೆಯ ವಿಷಯ ಸಿಗುತ್ತದೆ.

ಕಥೆ ಎರಡು ಮಾತಿನಲ್ಲಿ ಹೀಗೆ. ಸ್ಕಾಟ್ಲೆಂಡಿನ ವೀರ ಸೇನಾಪತಿ ಮ್ಯಾಕ್‌ಬೆತ್. ಯುದ್ಧ ಗೆದ್ದು ಬರುವಾಗ ಮೂವರು ಮಾಟಗಾತಿಯರು ಸಿಕ್ಕಿ ನೀನು ರಾಜನಾಗುವೆ ಎನ್ನುತ್ತಾರೆ. ಜೊತೆಗಿದ್ದ ಬ್ಯಾಂಕೊನಿಗೆ, ನಿನ್ನ ಸಂತತಿ ರಾಜರಾಗುತ್ತಾರೆ ಎನ್ನುತ್ತಾರೆ. ಅರಸ ಡಂಕನ್ ಅತಿಥಿಯಾಗಿ ಮನೆಗೆ ಬಂದ ರಾತ್ರಿಯೇ, ಹೆಂಡತಿಯ ಒತ್ತಾಸೆಯಿಂದ, ನಿದ್ದೆಯಲ್ಲಿದ್ದ ಅವನನ್ನು ಮ್ಯಾಕ್‌ಬೆತ್ ಇರಿದು ಕೊಲ್ಲುತ್ತಾನೆ. ಆಮೇಲೆ ಬ್ಯಾಂಕೊನನ್ನು ಕೊಲ್ಲಿಸುತ್ತಾನೆ; ಇಂಗ್ಲೆಂಡಿಗೆ ಹೋದ ಮ್ಯಾಕ್‌ಡಫ್ ಎಂಬ ಸರದಾರನ ಹೆಂಡತಿ ಮಕ್ಕಳನ್ನು ಕೊಲ್ಲಿಸುತ್ತಾನೆ. ಕೊನೆಗೆ ಮ್ಯಾಕ್‌ಡಫ್‌ನ ಕೈಯಲ್ಲಿ ಸಾಯುತ್ತಾನೆ. ಚರಿತ್ರೆಯ ಮ್ಯಾಕ್‌ಬೆತ್ ಬೇರೆಯೇ: ಅವನು 1040ರಿಂದ 1057ರವರೆಗೆ, ಹದಿನೇಳು ವರ್ಷ ಆಳಿದವನು, ಡಂಕನ್ ಸತ್ತದ್ದು ಹಾಸಿಗೆಯಲ್ಲಲ್ಲ, ಯುದ್ಧದಲ್ಲಿ. ಷೇಕ್ಸ್‌ಪಿಯರ್ ಹಾಲಿನ್‌ಷೆಡ್ಡನ ಇತಿಹಾಸ ಗ್ರಂಥವನ್ನು ಮುಂದಿಟ್ಟುಕೊಂಡು ತನಗೆ ಬೇಕಾದಂತೆ ಬದಲಾಯಿಸಿದ. ಆ ಗ್ರಂಥದಲ್ಲಿ ಬ್ಯಾಂಕೊ ಕೊಲೆಯಲ್ಲಿ ಪಾಲುದಾರ. ನಾಟಕದಲ್ಲಿ ಅವನು ಪಾಲುದಾರನಲ್ಲ. ಕಾರಣ ಸುಲಭ: ಆಗ ಸಿಂಹಾಸನದಲ್ಲಿದ್ದ ಒಂದನೆಯ ಜೇಮ್ಸ್ ದೊರೆ ಬ್ಯಾಂಕೊನ ವಂಶದವನೆಂದು ಹೇಳಿಕೊಳ್ಳುತ್ತಿದ್ದ. ಆಸ್ಥಾನ ಕವಿಗಳ ಕಷ್ಟ ಎಲ್ಲ ದೇಶದಲ್ಲೂ ಒಂದೇ.

ಮೋಸದ ವಿಷಯಕ್ಕೆ ಬರೋಣ. ಈ ನಾಟಕದಲ್ಲಿ ಮೋಸ ಮಾಡದವರು ಯಾರು ಎಂದು ಹುಡುಕುವುದೇ ಕಷ್ಟ. ಮುಖ ನೋಡಿ ಮನಸ್ಸನ್ನು ತಿಳಿಯುವ ವಿದ್ಯೆ ಇಲ್ಲವಲ್ಲ ಎಂದು ಡಂಕನ್, ತನಗೆ ದ್ರೋಹ ಮಾಡಿದ ಒಬ್ಬ ಸರದಾರನ ಬಗ್ಗೆ ಕೊರಗುತ್ತಾನೆ. ಆ ಮಾತು ಬಾಯಲ್ಲಿರುವಾಗಲೇ ಮುಂದಿನ ದ್ರೋಹಿ ಮ್ಯಾಕ್‌ಬೆತ್ ಒಳಗೆ ಬರುತ್ತಾನೆ. ಅವನನ್ನು ಡಂಕನ್ ಬಾಯ್ತುಂಬ ಹೊಗಳುತ್ತಾನೆ. ಕೊಲೆಯ ರಾತ್ರಿ ರಾಣಿ ಕಾವಲುಗಾರರ ಪಾನೀಯದಲ್ಲಿ ಮತ್ತು ಬರಿಸುವ ಮದ್ದು ಬೆರೆಸುತ್ತಾಳೆ. ಗಂಡ ಗಾಬರಿಯಲ್ಲಿ ಕಠಾರಿಗಳನ್ನು ಕೈಯಲ್ಲೇ ಹಿಡಿದು ಬಂದಾಗ, ಅವಳೇ ಅವನ್ನು ಒಯ್ದು ಇಟ್ಟು, ನಿದ್ದೆಹೋದ ಕಾವಲುಗಾರರ ಮೈಗೆ ರಕ್ತ ಬಳಿದು ಬರುತ್ತಾಳೆ. ಬೆಳಿಗ್ಗೆ ಮ್ಯಾಕ್‌ಬೆತ್ ದುಃಖ ತಾಳಲಾರದವನಂತೆ ಆ ಇಬ್ಬರನ್ನೂ ಕೊಂದುಬಿಡುತ್ತಾನೆ. ಸಾಕ್ಷಿ ಹೇಳುವ ಬಾಯಿಗಳು ಮುಚ್ಚಿದವು.

ಕೆಟ್ಟವರ ಮೋಸ ಇಷ್ಟು. ಒಳ್ಳೆಯವರದೂ ಇದೆ. ಡಂಕನ್ನನ ಮಗ ಮಾಲ್ಕಂ ಇಂಗ್ಲೆಂಡಿನಲ್ಲಿ ತಲೆಮರೆಸಿಕೊಂಡಿದ್ದಾಗ, ತನ್ನನ್ನು ಕರೆಯಲು ಬಂದ ಮ್ಯಾಕ್‌ಡಫ್ ನಂಬಿಕಸ್ಥನೋ ಗೂಢಚಾರನೋ ಎಂದು ಪರೀಕ್ಷಿಸಲು, ನಾನು ಮಹಾ ಕಾಮುಕ, ಮಹಾ ಲೋಭಿ ಎಂದು ಸುಳ್ಳು ಹೇಳಿಕೊಳ್ಳುತ್ತಾನೆ. ಕೊನೆಯಲ್ಲಿ ಅವನ ಸೈನ್ಯ ಬರುವುದೂ ಮರದ ಕೊಂಬೆಗಳ ಮರೆಯಲ್ಲೇ. ಮಾಟಗಾತಿಯರಂತೂ ಅಕ್ಷರಶಃ ಒಂದು ಸುಳ್ಳನ್ನೂ ಹೇಳುವುದಿಲ್ಲ, ಆದರೂ ಪೂರ್ತಿ ಮೋಸ ಮಾಡುತ್ತಾರೆ. ಹೆಣ್ಣಿಗೆ ಹುಟ್ಟಿದವನಾರೂ ನಿನಗೆ ಕೇಡು ಮಾಡಲಾರ ಎಂಬ ಭರವಸೆ ನಂಬಿ ಮ್ಯಾಕ್‌ಬೆತ್ ಎದೆಯುಬ್ಬಿಸಿ ನಿಂತಿರುತ್ತಾನೆ. ಮ್ಯಾಕ್‌ಡಫ್ ತಾಯಿಯ ಹೊಟ್ಟೆ ಕೊಯ್ದು ತೆಗೆದ ಮಗು. ಆ ಕಾಲದಲ್ಲಿ ಈ ಶಸ್ತ್ರಕ್ರಿಯೆ ಮಾಡುತ್ತಿದ್ದದ್ದು ಸತ್ತ ಅಥವಾ ಸಾಯುತ್ತಿರುವ ತಾಯಿಗೆ. ಆದ್ದರಿಂದ ಪ್ರೇಕ್ಷಕರಿಗೆ ಅದು ಬಹಳ ಅಪರೂಪದ, ಭಯಂಕರವಾದ ಮಾತು. ಈಗ ಈ ದೇಶದಲ್ಲಿ ಸುಮಾರು ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್. ಲೆಕ್ಕ ಹಾಕಿದರೆ ಮ್ಯಾಕ್‌ಬೆತ್‌ನನ್ನು ಕೊಲ್ಲಬಲ್ಲವರು ಹಿಂದಿನ ಸಾಲಿನಲ್ಲೇ ಹತ್ತು ಜನ ಕುಳಿತಿರಬೇಕು!

ಇನ್ನು ನಮ್ಮ ವೈದ್ಯ. ಅವನು ಬರುವುದು ಐದನೆಯ ಅಂಕದ ಮೊದಲಲ್ಲಿ. ರಾಣಿ ನಿದ್ದೆಯಲ್ಲಿ ಎದ್ದು ಓಡಾಡುತ್ತಾಳೆಂದು ಅವಳ ಸಖಿ ಹೇಳಿದ್ದಾಳೆ. ಎರಡು ರಾತ್ರಿ ಕಾದರೂ ಏನೂ ಕಂಡಿಲ್ಲ. ಮೂರನೆಯ ರಾತ್ರಿಯೂ ಬಂದು ಕೂತಿದ್ದಾನೆ. ರೆಸಿಡೆನ್ಸಿಯಲ್ಲಿ ನೈಟ್ ಡ್ಯೂಟಿ ಮಾಡಿದ ಯಾರಿಗಾದರೂ ಈ ದೃಶ್ಯದಲ್ಲಿ ಅವನ ಮೇಲೆ ಪ್ರೀತಿ ಹುಟ್ಟುತ್ತದೆ. ಮೊದಲು ಅವನು ಕೇಳುವುದು ಹಿಸ್ಟರಿ: ಯಾವಾಗಿನಿಂದ? ಏನು ಮಾಡುತ್ತಾಳೆ? ಏನಾದರೂ ಮಾತನಾಡಿದಳೇ? ಸಖಿ ಮೊದಲಿನ ಎರಡಕ್ಕೆ ಉತ್ತರ ಕೊಡುತ್ತಾಳೆ. ದೊರೆ ಯುದ್ಧಕ್ಕೆ ಹೋದಾಗಿನಿಂದ; ಎದ್ದು, ನಿಲುವಂಗಿ ಹೊದ್ದು, ಬೀಗ ತೆಗೆದು, ಕಾಗದ ತೆಗೆದು ಬರೆದು, ಓದಿ, ಮುದ್ರೆ ಒತ್ತಿ ಮತ್ತೆ ಮಲಗುತ್ತಾಳೆ. ಮೂರನೆಯದಕ್ಕೆ ಮಾತ್ರ ಬಾಯಿ ಬಿಡುವುದಿಲ್ಲ. ನನ್ನ ಮಾತಿಗೆ ಸಾಕ್ಷಿ ಇಲ್ಲ, ಹೇಳಲಾರೆ ಎನ್ನುತ್ತಾಳೆ. ಎಂಥ ಜಾಣೆ ನೋಡಿ. ಕೊಲೆಗಡುಕರ ಮನೆಯಲ್ಲಿ ಸಂಬಳಕ್ಕಿರುವವರಿಗೆ ಬರುವ ಜಾಣತನ ಅದು.

ಅಷ್ಟರಲ್ಲಿ ರಾಣಿ ಕೈಯಲ್ಲಿ ದೀಪ ಹಿಡಿದು ಬರುತ್ತಾಳೆ. ಹಾಸಿಗೆಯ ಪಕ್ಕ ಸದಾ ಬೆಳಕಿರಬೇಕೆಂದು ಅವಳದೇ ಅಪ್ಪಣೆ. ಕಣ್ಣು ತೆರೆದಿದೆ, ಆದರೆ ಏನೂ ಕಾಣುತ್ತಿಲ್ಲ. ಇದು ಇಂದಿನ ವೈದ್ಯಶಾಸ್ತ್ರ ಹೇಳುವ ನಿದ್ರಾನಡಿಗೆಯ ಲಕ್ಷಣವೇ. ಸಾಮಾನ್ಯವಾಗಿ ಗಾಢನಿದ್ರೆಯ ಹಂತದಲ್ಲಿ, ರಾತ್ರಿಯ ಮೊದಲ ಭಾಗದಲ್ಲಿ ಬರುತ್ತದೆ. ಕಣ್ಣು ತೆರೆದೇ ಇರುತ್ತದೆ. ಬೆಳಿಗ್ಗೆ ಬಹಳ ಮಟ್ಟಿಗೆ ನೆನಪಿರುವುದಿಲ್ಲ. ಆದರೆ ಹೀಗೆ ನಡೆಯುವವರು ಇಷ್ಟೊಂದು ಮಾತನಾಡುವುದು ಕಡಿಮೆ. ಷೇಕ್ಸ್‌ಪಿಯರನಿಗೆ ಮಾತು ಬೇಕಿತ್ತು, ಕ್ಷಮಿಸೋಣ. ಅವಳು ಕೈ ಉಜ್ಜಿ ಉಜ್ಜಿ ತೊಳೆಯುವಂತೆ ಮಾಡುತ್ತಾಳೆ. ಒಂದೊಂದು ಸಲ ಕಾಲು ಗಂಟೆ ಹೀಗೇ ಮಾಡುತ್ತಾಳೆಂದು ಸಖಿ ಹೇಳುತ್ತಾಳೆ. ಆ ಮುದುಕನ ಮೈಯಲ್ಲಿ ಇಷ್ಟು ರಕ್ತವಿತ್ತೆಂದು ಯಾರಿಗೆ ಗೊತ್ತಿತ್ತು ಎಂಬ ಅರ್ಥದ ಮಾತು ಬರುತ್ತದೆ. ಮ್ಯಾಕ್‌ಡಫ್‌ನ ಹೆಂಡತಿ ಈಗೆಲ್ಲಿ ಎಂದು ಕೇಳುತ್ತಾಳೆ. ಗಮನಿಸಿ, ಆ ಕೊಲೆಯಲ್ಲಿ ಅವಳ ಕೈವಾಡ ಇದ್ದಂತೆ ನಾಟಕದಲ್ಲಿ ಎಲ್ಲೂ ಕಾಣುವುದಿಲ್ಲ. ತಾನು ತೆರೆದ ಬಾಗಿಲಿನಿಂದ ಯಾರು ಯಾರು ಒಳಗೆ ಬಂದರು ಎಂಬುದನ್ನೂ ಅವಳ ನಿದ್ದೆ ಲೆಕ್ಕ ಇಟ್ಟಿದೆ.

ಕೊಲೆಯ ರಾತ್ರಿ ಸ್ಥಿತಿ ತಿರುಗುಮುರುಗಾಗಿತ್ತು. ಅವನು, ಸಮುದ್ರವೆಲ್ಲ ಬಂದರೂ ಈ ಕೈ ಶುದ್ಧವಾಗದು ಎಂದು ನಡುಗುತ್ತಿದ್ದ. ನೀನು ನಿದ್ದೆಯನ್ನೇ ಕೊಂದೆ ಎನ್ನುವ ದನಿ ಅವನ ಕಿವಿಗೆ ಕೇಳಿತ್ತು. ಅವಳು, ಸ್ವಲ್ಪ ನೀರು ಸಾಕು ಎಂದಿದ್ದಳು. ಅವನು ಪಾಪವನ್ನು ಮೊದಲ ರಾತ್ರಿಯೇ ಬಾಯಿಬಿಟ್ಟು ಆಡಿ, ಆಮೇಲೆ ದಿನಕ್ಕಿಷ್ಟು ಕಲ್ಲಾಗುತ್ತ ಹೋಗುತ್ತಾನೆ. ಅವಳು ಒಳಗೆ ಬೀಗ ಹಾಕಿ ಇಟ್ಟದ್ದು ನಿದ್ದೆಯಲ್ಲಿ ಬೀಗ ಮುರಿದು ಬರುತ್ತದೆ. ಮಲಗಿದ್ದ ಡಂಕನ್ ನನ್ನ ತಂದೆಯಂತೆ ಕಾಣದಿದ್ದರೆ ನಾನೇ ಮುಗಿಸುತ್ತಿದ್ದೆ ಎಂದು ಆ ರಾತ್ರಿ ಅವಳು ಅಂದುಕೊಂಡದ್ದುಂಟು. ಬೀಗ ಅಲ್ಲೇ ಸ್ವಲ್ಪ ಸಡಿಲವಿತ್ತು.

ಕೈ ತೊಳೆಯುವ ಈ ದೃಶ್ಯದ ಹೆಸರಿನಲ್ಲಿ ವಿಜ್ಞಾನದಲ್ಲಿ ಒಂದು ಪ್ರಯೋಗವೇ ಪ್ರಸಿದ್ಧವಾಯಿತು. 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇಬ್ಬರು ಸಂಶೋಧಕರು, ತಾವು ಮಾಡಿದ ತಪ್ಪನ್ನು ನೆನೆಸಿಕೊಂಡವರಿಗೆ ಕೈ ಒರೆಸಿಕೊಳ್ಳುವ, ತೊಳೆದುಕೊಳ್ಳುವ ಆಸೆ ಹೆಚ್ಚಾಗುತ್ತದೆ ಎಂದು ಬರೆದರು. 'ಮ್ಯಾಕ್‌ಬೆತ್ ಪರಿಣಾಮ' ಎಂದು ಅದಕ್ಕೆ ಹೆಸರಾಯಿತು. ಮುಂದೆ ಅದನ್ನೇ ಮತ್ತೆ ಮಾಡಿ ನೋಡಿದ ಕೆಲವರಿಗೆ ಆ ಫಲ ಸಿಗಲಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ. ಕಾಲೇಜು ಹುಡುಗರನ್ನು ಕೂರಿಸಿ ಚಿಕ್ಕ ತಪ್ಪು ನೆನಪಿಸಿ ಒದ್ದೆ ಟಿಶ್ಯೂ ಕೊಟ್ಟರೆ ಡಂಕನ್ನನ ರಕ್ತದ ವಾಸನೆ ಎಲ್ಲಿಂದ ಬರಬೇಕು?

ಇದನ್ನೆಲ್ಲ ಕೇಳುತ್ತ ವೈದ್ಯ ಬರೆದುಕೊಳ್ಳುತ್ತಾನೆ. ನಾಟಕದ ಪ್ರದರ್ಶನವನ್ನು ಕಣ್ಣಾರೆ ಕಂಡು ಟಿಪ್ಪಣಿ ಬರೆದಿಟ್ಟ ಒಬ್ಬನೇ ಸಮಕಾಲೀನ ನಮಗೆ ಗೊತ್ತು: ಸೈಮನ್ ಫೋರ್ಮನ್, 1611ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ. ಅವನೂ ಜ್ಯೋತಿಷ ನೋಡಿ ಔಷಧಿ ಕೊಡುತ್ತಿದ್ದ ವೈದ್ಯ. ನಾಟಕದ ಕಥೆಯನ್ನೆಲ್ಲ ಬರೆದು ಕೊನೆಯಲ್ಲಿ ಅವನು ತಪ್ಪದೆ ಸೇರಿಸಿದ್ದು ಇದನ್ನೇ: ರಾಣಿ ನಿದ್ದೆಯಲ್ಲಿ ನಡೆದಳು, ಎಲ್ಲವನ್ನೂ ಹೇಳಿಬಿಟ್ಟಳು, ಡಾಕ್ಟರು ಅದನ್ನು ಗುರುತು ಹಾಕಿಕೊಂಡ ಎಂದು. ಕಸುಬಿನವರ ಕಣ್ಣು ಕಸುಬಿನವರ ಮೇಲೇ ಹೋಗುತ್ತದೆ.

ಈಗ ಕಾಯಿಲೆ ಯಾವುದು? ರಾಣಿಗೆ ಇಂದಿನ ಹೆಸರುಗಳನ್ನು ಹಚ್ಚುವ ಲೇಖನಗಳು ಬಹಳ ಬಂದಿವೆ: ಖಿನ್ನತೆ, ಒ.ಸಿ.ಡಿ., ಆಘಾತದ ನಂತರದ ಕಾಯಿಲೆ. ನನಗೆ ಇದರಲ್ಲಿ ಒಂದು ತಕರಾರಿದೆ. ಖಿನ್ನತೆಯ ಲಕ್ಷಣಗಳ ಪಟ್ಟಿಯಲ್ಲಿ ಅಪರಾಧಿ ಭಾವ ಇದೆ, ಆದರೆ ಅಲ್ಲಿ ಅದು ಅತಿಯಾದ ಅಥವಾ ಕಾರಣಕ್ಕೆ ಮೀರಿದ ಭಾವ. ಏನೂ ತಪ್ಪು ಮಾಡದ ಮುದುಕಿ, ನನ್ನಿಂದಲೇ ಮನೆ ಹಾಳಾಯಿತು ಎಂದು ಅಳುತ್ತಾಳಲ್ಲ, ಅದು ಕಾಯಿಲೆ. ಮಾತ್ರೆಯಿಂದ ಗುಣವಾಗುವುದನ್ನು ನಾನೇ ನೋಡಿದ್ದೇನೆ. ರಾಣಿಯದು ಹಾಗಲ್ಲ. ಅವಳ ಅಪರಾಧಿ ಭಾವ ಅಳತೆಗೆ ಸರಿಯಾಗಿದೆ. ಅದೊಂದೇ ಅವಳಲ್ಲಿ ಇನ್ನೂ ಆರೋಗ್ಯವಾಗಿರುವ ಭಾಗ ಎನ್ನಬಹುದು. ಅದಕ್ಕೆ ಮಾತ್ರೆ ಕೊಡಲು ಹೊರಟರೆ ಏನನ್ನು ಗುಣಪಡಿಸಿದಂತಾಯಿತು?

ರೆಸಿಡೆನ್ಸಿಯಲ್ಲಿ ಒಬ್ಬ ವೃದ್ಧರನ್ನು ನೋಡಿಕೊಂಡದ್ದು ನೆನಪಿದೆ. ಯಾವ ದೇಶದವರು, ಯಾವ ಆಸ್ಪತ್ರೆ ಎಂಬುದು ಬೇಡ. ಹೃದಯದ ತೊಂದರೆಗೆ ಸೇರಿದ್ದರು. ರಾತ್ರಿ ನಿದ್ದೆ ಇಲ್ಲ ಎಂದು ನರ್ಸ್ ಪದೇ ಪದೇ ಪೇಜ್ ಮಾಡುತ್ತಿದ್ದಳು. ಮೂರನೆಯ ರಾತ್ರಿ ಮಾತ್ರೆ ಬದಲಾಯಿಸಲು ಹೋದಾಗ, ಕೂತುಕೋ ಎಂದರು. ನಲವತ್ತು ವರ್ಷದ ಕೆಳಗೆ ತಮ್ಮನ ಸಹಿಯನ್ನು ತಾವೇ ಹಾಕಿ ಅವನ ಪಾಲಿನ ಜಮೀನು ಮಾರಿದ ಕಥೆ ಹೇಳಿದರು. ತಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಅವನ ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿದೆ. ಗೊತ್ತು ಎಂದರು. ಅಷ್ಟೇ ಮಾತು. ಅವರ ಔಷಧಿ ಪಟ್ಟಿಯಲ್ಲಿ ಆ ರಾತ್ರಿ ನಾನು ಯಾವ ಬದಲಾವಣೆಯನ್ನೂ ಮಾಡಲಿಲ್ಲ.

ಮ್ಯಾಕ್‌ಬೆತ್‌ನ ವೈದ್ಯನೂ ಇದನ್ನೇ ಹೇಳುತ್ತಾನೆ: ಇದು ನನ್ನ ವಿದ್ಯೆಗೆ ಮೀರಿದ್ದು, ಇವಳಿಗೆ ವೈದ್ಯನಿಗಿಂತ ಧರ್ಮಗುರು ಬೇಕು. ಆದರೂ ಎರಡು ಕೆಲಸ ಮಾಡುತ್ತಾನೆ, ಅವೆರಡಕ್ಕೂ ನಾನು ಕೈಮುಗಿಯುತ್ತೇನೆ. ಒಂದು, ತೀರ್ಪಿಗೆ ಆತುರ ಪಡುವುದಿಲ್ಲ: ನಿದ್ದೆಯಲ್ಲಿ ನಡೆಯುವ ಎಷ್ಟೋ ಜನ ಸಜ್ಜನರಾಗಿಯೇ ಬಾಳಿ ಹಾಸಿಗೆಯಲ್ಲಿ ಸತ್ತದ್ದನ್ನು ಕಂಡಿದ್ದೇನೆ ಎನ್ನುತ್ತಾನೆ. ಇನ್ನೊಂದು, ಹೊರಡುವ ಮುಂಚೆ ಸಖಿಗೆ ಹೇಳುತ್ತಾನೆ: ತನಗೆ ತಾನೇ ಹಾನಿ ಮಾಡಿಕೊಳ್ಳಬಹುದಾದ ವಸ್ತುಗಳನ್ನೆಲ್ಲ ಅವಳ ಹತ್ತಿರದಿಂದ ತೆಗೆದಿಡು, ಅವಳ ಮೇಲಿನ ಕಣ್ಣು ತೆಗೆಯಬೇಡ. ನಾನೂರು ವರ್ಷ ಕಳೆದರೂ ಆತ್ಮಹತ್ಯೆಯ ಅಪಾಯವಿರುವ ರೋಗಿಗೆ ನಾವು ಬರೆಯುವ ಮೊದಲ ಆರ್ಡರ್ ಇದೇ. ರೋಗಿ ಎಂಥ ಪಾಪ ಮಾಡಿದ್ದರೂ ಆರ್ಡರ್ ಬದಲಾಗುವುದಿಲ್ಲ.

ಮೂರನೆಯದೊಂದಿದೆ, ಅದು ಕಷ್ಟದ್ದು. ಮನಸ್ಸಿನಲ್ಲಿ ಇದೆ, ಆದರೆ ಬಾಯಿ ಬಿಡಲು ಧೈರ್ಯವಿಲ್ಲ ಎನ್ನುತ್ತಾನೆ. ಕೊಲೆಯ ಗುಟ್ಟು ಗೊತ್ತಾಗಿದೆ, ಯಾರಿಗೂ ಹೇಳುವುದಿಲ್ಲ. ಇದು ಹೇಡಿತನವೇ, ವೃತ್ತಿಧರ್ಮವೇ? ಇಂದಿನ ನಿಯಮದ ಪ್ರಕಾರ, ರೋಗಿ ಹಿಂದೆಂದೋ ಮಾಡಿದ ಅಪರಾಧವನ್ನು ಡಾಕ್ಟರಿಗೆ ಹೇಳಿದರೆ ಅದು ಸಾಮಾನ್ಯವಾಗಿ ಗುಟ್ಟಾಗಿಯೇ ಉಳಿಯಬೇಕು. ಮುಂದೆ ಇಂಥವರಿಗೆ ಅಪಾಯ ಮಾಡುತ್ತೇನೆ ಎಂದರೆ ಬೇರೆ. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1976ರ ಟಾರಾಸಾಫ್ ತೀರ್ಪಿನಲ್ಲಿ, ಆಗ ಆ ವ್ಯಕ್ತಿಯನ್ನು ಕಾಪಾಡಲು ಕ್ರಮ ತೆಗೆದುಕೊಳ್ಳಬೇಕೆಂದಿತು. ನಮ್ಮ ವೈದ್ಯ ನಿಯಮಕ್ಕಾಗಿ ಸುಮ್ಮನಿದ್ದನೆಂದು ನಾನು ಹೇಳಲಾರೆ. ಅವನಿಗೆ ಭಯ. ಬ್ಯಾಂಕೊನೂ ಹೀಗೆಯೇ, ಅನುಮಾನ ಬಂದರೂ ಸುಮ್ಮನಿದ್ದ. ತನ್ನ ವಂಶದ ಭವಿಷ್ಯವೂ ಫಲಿಸಬಹುದೆಂಬ ಆಸೆ ಅವನಿಗೆ. ಭಯದ ಮೌನಕ್ಕಿಂತ ಆಸೆಯ ಮೌನ ಕೆಟ್ಟದ್ದು ಎಂದು ನನ್ನ ಲೆಕ್ಕ.

ಆಮೇಲೆ ಮ್ಯಾಕ್‌ಬೆತ್ ಈ ವೈದ್ಯನನ್ನು ಕರೆದು ಕೇಳುತ್ತಾನೆ: ಮನಸ್ಸಿನಲ್ಲಿ ಬೇರು ಬಿಟ್ಟ ದುಃಖವನ್ನು ಕೀಳುವ, ಮಿದುಳಿನಲ್ಲಿ ಬರೆದುಹೋದದ್ದನ್ನು ಅಳಿಸುವ ಔಷಧಿ ನಿನ್ನಲ್ಲಿಲ್ಲವೇ? ಅಲ್ಲಿ ರೋಗಿಯೇ ತನಗೆ ತಾನು ವೈದ್ಯನಾಗಬೇಕು ಎಂದು ಉತ್ತರ. ವೈದ್ಯ 'ರೋಗಿ' ಎನ್ನುವಾಗ ಇಂಗ್ಲಿಷಿನಲ್ಲಿ ಗಂಡಸಿನ ಸರ್ವನಾಮ ಬಳಸುತ್ತಾನೆ. ಯಾವ ರೋಗಿಯ ಬಗ್ಗೆ ಮಾತು ನಡೆಯುತ್ತಿದೆ ಎಂದು ಇಬ್ಬರಿಗೂ ಗೊತ್ತು. ದೊರೆಗೆ ಸಿಟ್ಟು ಬರುತ್ತದೆ, ನಿನ್ನ ಔಷಧಿಯನ್ನು ನಾಯಿಗೆ ಹಾಕು ಎನ್ನುತ್ತಾನೆ. ಮತ್ತೆ ಅವನೇ, ನನ್ನ ದೇಶದ ಮೂತ್ರ ಪರೀಕ್ಷೆ ಮಾಡಿ ರೋಗ ಕಂಡುಹಿಡಿ, ಇಂಗ್ಲಿಷರನ್ನು ಹೊರಹಾಕುವ ಭೇದಿಮದ್ದು ಇದೆಯೇ ಎಂದು ಹಾಸ್ಯ ಮಾಡುತ್ತಾನೆ. ಗಾಜಿನ ಕುಪ್ಪಿಯಲ್ಲಿ ಮೂತ್ರದ ಬಣ್ಣ ನೋಡಿ ರೋಗ ಹೇಳುವುದು ಆ ಕಾಲದ ಮುಖ್ಯ ಪರೀಕ್ಷೆ. ವೈದ್ಯ ಹೊರಗೆ ಬರುತ್ತ ಅಂದುಕೊಳ್ಳುತ್ತಾನೆ: ಇಲ್ಲಿಂದ ಒಮ್ಮೆ ಪಾರಾದರೆ, ಎಷ್ಟು ದುಡ್ಡು ಕೊಟ್ಟರೂ ಮತ್ತೆ ಬರುವುದಿಲ್ಲ. ಕೆಲಸ ಬಿಡಬೇಕೆಂದುಕೊಂಡ ಡಾಕ್ಟರುಗಳ ಮನಸ್ಸನ್ನು ಇಷ್ಟು ಚೆನ್ನಾಗಿ ಹೇಗೆ ಬಲ್ಲನೋ! ಷೇಕ್ಸ್‌ಪಿಯರನ ಹಿರಿಯ ಮಗಳು 1607ರಲ್ಲಿ ಮದುವೆಯಾದದ್ದು ಜಾನ್ ಹಾಲ್ ಎಂಬ ವೈದ್ಯನನ್ನು. ಅಳಿಯನ ಜೊತೆ ಊಟಕ್ಕೆ ಕೂತಾಗ ಇಂಥ ಮಾತು ಬರುತ್ತಿತ್ತೇನೋ, ಇದು ನನ್ನ ಊಹೆ ಮಾತ್ರ.

ಈ ನಾಟಕದಲ್ಲಿ ಇನ್ನೊಬ್ಬ ವೈದ್ಯನೂ ಇದ್ದಾನೆ, ಇಂಗ್ಲೆಂಡಿನ ಅರಮನೆಯಲ್ಲಿ. ಐದು ಸಾಲು ಮಾತನಾಡಿ ಹೋಗುತ್ತಾನೆ. ಅಲ್ಲಿನ ದೊರೆ ಎಡ್ವರ್ಡ್ ಗಂಡಮಾಲೆಯ ರೋಗಿಗಳನ್ನು ಮುಟ್ಟಿ ಗುಣಪಡಿಸುತ್ತಾನೆ, ಜನ ಕಾದು ನಿಂತಿದ್ದಾರೆ ಎಂದು ಸುದ್ದಿ ಹೇಳುವುದಷ್ಟೇ ಅವನ ಕೆಲಸ. ಗಂಡಮಾಲೆ ಎಂದರೆ ಕುತ್ತಿಗೆಯ ಗ್ರಂಥಿಗಳಿಗೆ ತಗಲುವ ಕ್ಷಯ. ದೊರೆ ಮುಟ್ಟಿದರೆ ವಾಸಿಯಾಗುತ್ತದೆಂಬ ನಂಬಿಕೆ ಇಂಗ್ಲೆಂಡಿನಲ್ಲಿ ಬಹಳ ಕಾಲ ಉಳಿಯಿತು. 1712ರಲ್ಲಿ ರಾಣಿ ಆನ್ ಮುಟ್ಟಿದ ಮಕ್ಕಳಲ್ಲಿ ಮುಂದೆ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಒಬ್ಬ. ಅವನಿಗೆ ವಾಸಿಯಾಗಲಿಲ್ಲ. ಒಂದು ದೇಶದ ದೊರೆಯ ಕೈ ರೋಗಿಗಳನ್ನು ಮುಟ್ಟುತ್ತಿದೆ, ಇನ್ನೊಂದು ದೇಶದಲ್ಲಿ ರಾಣಿ ಕೈ ತೊಳೆಯುತ್ತಿದ್ದಾಳೆ.

ಅದೇ ದೃಶ್ಯದ ಮುಂದಿನ ಭಾಗವೇ ನಮ್ಮಂಥವರಿಗೆ ಓದಲು ಕಷ್ಟವಾಗುವುದು. ಮ್ಯಾಕ್‌ಡಫ್ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಪರದೇಶಕ್ಕೆ ಬಂದಿದ್ದಾನೆ. ಕಾರಣ ದೊಡ್ಡದೇ, ದೇಶ ಉಳಿಸಲು. ಆದರೂ ಅವನ ಹೆಂಡತಿ, ಹಕ್ಕಿ ಕೂಡ ಮರಿಗಳಿಗಾಗಿ ಗೂಬೆಯ ಮೇಲೆ ಹೋರಾಡುತ್ತದೆ, ಇವನೇಕೆ ಬಿಟ್ಟು ಹೋದ ಎಂದು ಕೇಳಿದ್ದಾಳೆ. ಆ ಪ್ರಶ್ನೆಗೆ ನಾಟಕದಲ್ಲಿ ಸರಿಯಾದ ಉತ್ತರವಿಲ್ಲ. ಊರಿನಿಂದ ಅವನ ನೆಂಟ ರಾಸ್ ಬರುತ್ತಾನೆ. ಹೆಂಡತಿ ಹೇಗಿದ್ದಾಳೆ? ಚೆನ್ನಾಗಿದ್ದಾಳೆ. ಮಕ್ಕಳು? ಅವರೂ ಅಷ್ಟೇ. ನಾನು ಹೊರಟಾಗ ಶಾಂತವಾಗಿದ್ದರು ಎನ್ನುತ್ತಾನೆ ರಾಸ್. ಅವರೆಲ್ಲ ಸತ್ತಿದ್ದಾರೆ.

ಇದು ಮೋಸವೇ? ಇಲ್ಲಿ ಕುಳಿತವರಲ್ಲಿ ಎಷ್ಟು ಜನಕ್ಕೆ ನಡುರಾತ್ರಿ ಫೋನು ಬಂದಿಲ್ಲ! ಅಪ್ಪಾಜಿಗೆ ಸ್ವಲ್ಪ ಸೀರಿಯಸ್, ಐ.ಸಿ.ಯು.ನಲ್ಲಿದ್ದಾರೆ, ನೀನು ಹೊರಟು ಬಾ ಎಂದು ಚಿಕ್ಕಪ್ಪನೋ ಭಾವನೋ ಹೇಳುತ್ತಾರೆ. ವಿಮಾನದಲ್ಲಿ ಇಪ್ಪತ್ತು ಗಂಟೆ ದೇವರಿಗೆ ಹರಕೆ ಹೊತ್ತುಕೊಂಡು ಹೋದರೆ, ಮನೆಯ ಮುಂದೆ ಬೆಂಕಿ ಹಾಕಿರುತ್ತಾರೆ. ಅವರು ಸುಳ್ಳು ಹೇಳಿದ್ದು ನಮ್ಮ ಮೇಲಿನ ಪ್ರೀತಿಗೆ. ದಾರಿಯಲ್ಲಿ ಒಬ್ಬನೇ ಅಳಬಾರದೆಂದು. ಡಾಕ್ಟರಾಗಿ ನಾನು ಕಲಿತದ್ದು ಬೇರೆ: ಕೂರಿಸಿ, ಸ್ಪಷ್ಟವಾದ ಮಾತಿನಲ್ಲಿ, 'ತೀರಿಕೊಂಡರು' ಎಂದೇ ಹೇಳಬೇಕು, ಸುತ್ತುಬಳಸಬಾರದು. ರೋಗಿಗಳ ಮನೆಯವರಿಗೆ ಹಾಗೆಯೇ ಹೇಳುತ್ತೇನೆ. ಸ್ವಂತ ಅಕ್ಕ ತಂಗಿಗೆ ಫೋನಿನಲ್ಲಿ ಹೇಳಬೇಕಾಗಿ ಬಂದರೆ ಏನು ಹೇಳುತ್ತೇನೋ ಗೊತ್ತಿಲ್ಲ.

ನಿಜ ತಿಳಿದ ಮೇಲೆ ಮ್ಯಾಕ್‌ಡಫ್ ಮತ್ತೆ ಮತ್ತೆ ಅದನ್ನೇ ಕೇಳುತ್ತಾನೆ: ಮಕ್ಕಳೂ? ಹೆಂಡತಿಯೂ? ಎಲ್ಲರೂ? ಕೆಟ್ಟ ಸುದ್ದಿ ಕೇಳಿದವರು ಹೀಗೆಯೇ ಕೇಳುತ್ತಾರೆ. ಕಿವಿಗೆ ಬಿದ್ದದ್ದು ಒಳಗೆ ಇಳಿಯಲು ಹೊತ್ತು ಬೇಕು. ಆಗ ಪಕ್ಕದಲ್ಲಿದ್ದ ತರುಣ ಮಾಲ್ಕಂ ಒಂದು ಚೀಟಿ ಬರೆದುಕೊಡುತ್ತಾನೆ: ಸೇಡನ್ನೇ ಔಷಧಿ ಮಾಡಿಕೋ, ಈ ದುಃಖ ವಾಸಿಯಾಗುತ್ತದೆ, ಗಂಡಸಿನಂತೆ ಎದುರಿಸು. ಮ್ಯಾಕ್‌ಡಫ್‌ನ ಉತ್ತರ ನಾಟಕದಲ್ಲೇ ನನಗೆ ಅತ್ಯಂತ ಪ್ರಿಯವಾದದ್ದು. ಎದುರಿಸುತ್ತೇನೆ, ಆದರೆ ಮನುಷ್ಯನಂತೆ ಅದನ್ನು ಅನುಭವಿಸಲೂ ಬೇಕು ಎನ್ನುತ್ತಾನೆ. ಆಮೇಲೆ, ಅವರು ಸತ್ತದ್ದು ಅವರ ತಪ್ಪಿಗಲ್ಲ, ನನ್ನ ತಪ್ಪಿಗೆ ಎನ್ನುತ್ತಾನೆ. ಕೊಂದವನು ಮ್ಯಾಕ್‌ಬೆತ್, ಅಪರಾಧದ ಭಾರ ಹೊತ್ತವನು ದೂರದಲ್ಲಿದ್ದವನು.

ಸೇಡಿನ ಔಷಧಿ ಕೆಲಸ ಮಾಡಿತೇ? ನಾಟಕದ ಕೊನೆಯ ಪುಟವನ್ನು ಒಮ್ಮೆ ನೋಡಿ. ಮ್ಯಾಕ್‌ಡಫ್ ಮ್ಯಾಕ್‌ಬೆತ್‌ನ ತಲೆ ತಂದು ಮಾಲ್ಕಂನಿಗೆ ದೊರೆಯೆಂದು ಜಯಕಾರ ಹಾಕುತ್ತಾನೆ. ಹೆಂಡತಿ ಮಕ್ಕಳ ಬಗ್ಗೆ ಒಂದು ಮಾತಿಲ್ಲ. ಮಾಲ್ಕಂ ಪಟ್ಟಾಭಿಷೇಕಕ್ಕೆ ಎಲ್ಲರನ್ನೂ ಕರೆಯುತ್ತಾನೆ. ಆ ಸಂಭ್ರಮದಲ್ಲಿ ಮ್ಯಾಕ್‌ಡಫ್ ಎಲ್ಲಿ ನಿಂತಿರಬೇಕು ಎಂಬುದನ್ನು ನಿರ್ದೇಶಕನೇ ತೀರ್ಮಾನಿಸಬೇಕು.

ಕನ್ನಡದಲ್ಲಿ ಎಚ್.ಎಸ್. ಶಿವಪ್ರಕಾಶರು 'ಮಾರನಾಯಕನ ದೃಷ್ಟಾಂತ' ಎಂದು ಈ ಕಥೆಯನ್ನು ನಮ್ಮ ಪಾಳೆಯಗಾರರ ನೆಲಕ್ಕೆ ತಂದರು. ಅದನ್ನು ಹುಲುಗಪ್ಪ ಕಟ್ಟೀಮನಿಯವರು ಜೈಲಿನ ಕೈದಿಗಳಿಂದ ಆಡಿಸಿದರು. ಕೊಲೆಯ ಶಿಕ್ಷೆ ಅನುಭವಿಸುತ್ತಿರುವ ಮನುಷ್ಯ, ಕೊಲೆ ಮಾಡಿ ನಿದ್ದೆ ಕಳೆದುಕೊಂಡವನ ಪಾತ್ರ ಹಾಕಿಕೊಂಡು ರಂಗದ ಮೇಲೆ ನಿಲ್ಲುವುದನ್ನು ಯೋಚಿಸಿ. ರೋಗಿಯೇ ತನಗೆ ತಾನು ವೈದ್ಯನಾಗಬೇಕು ಎಂದ ಆ ಹೆಸರಿಲ್ಲದ ಡಾಕ್ಟರು ಅದನ್ನು ನೋಡಿದ್ದರೆ, ಕಾಗದ ತೆಗೆದು ಏನಾದರೂ ಬರೆದುಕೊಳ್ಳುತ್ತಿದ್ದ.

ರಾಣಿ ಸಾಯುವ ಹೊತ್ತಿಗೆ ಅವನು ಅರಮನೆಯಲ್ಲಿ ಇದ್ದನೇ, ಹೊರಟು ಹೋಗಿದ್ದನೇ? ಷೇಕ್ಸ್‌ಪಿಯರ್ ಹೇಳುವುದಿಲ್ಲ. ಒಳಗಿನಿಂದ ಹೆಂಗಸರ ಅಳು ಕೇಳುತ್ತದೆ, ಸೇವಕ ಬಂದು ಸುದ್ದಿ ಹೇಳುತ್ತಾನೆ. ತನ್ನ ಕೈಯಾರೆ ಪ್ರಾಣ ಕಳೆದುಕೊಂಡಳೆಂದು ಜನ ಆಡಿಕೊಳ್ಳುತ್ತಿದ್ದರೆಂಬುದು ಕೊನೆಯಲ್ಲಿ ಮಾಲ್ಕಂನ ಬಾಯಿಂದ ತಿಳಿಯುತ್ತದೆ. ತೆಗೆದಿಡು ಎಂದದ್ದನ್ನು ಸಖಿ ಎಲ್ಲವನ್ನೂ ತೆಗೆದಿಟ್ಟಿದ್ದಳೇ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

 ರಿಪೋರ್ಟು ತಂದವರು ಊಟವಾದ ಮೇಲೆ ಸಿಗಿ.